ಗಚ್ಚಿನಲ್ಲಿ ಹೂತ ವೀರಗಲ್ಲು

"ಅಜ್ಜಾರ, ಇಷ್ಟು ಚಂದ ಜಾಗಾದಾಗ ನಿಮಗ್ಯಾಕ ಸಿಟ್ಟು ಬಂತ್ರಿ?"

ಕೇಳಿದವನು ಮಹಾಂತಯ್ಯ. ಮಠಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮಠದವರೆಲ್ಲ ಗುರುಗಳನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು, ಅವನೂ ಹಾಗೆಯೇ ಕರೆಯುತ್ತಿದ್ದ. ಗುರುಗಳ ಜೊತೆ ಪಟ್ಟಣಕ್ಕೆ ಬಂದಿದ್ದ. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಇಬ್ಬರೂ ಊರ ನಡುವಿನ ಸಣ್ಣ ಗುಡ್ಡದ ಉದ್ಯಾನಕ್ಕೆ ಹತ್ತಿದ್ದರು. ದಾರಿಯ ಎರಡೂ ಕಡೆ ಹಳೆಯ ವೀರಗಲ್ಲುಗಳು, ತುದಿಯಲ್ಲಿ ಒಂದು ಮಂಟಪ, ಅದರ ಪಕ್ಕದಲ್ಲಿ ಕತ್ತಿ ಹಿಡಿದ ಯಾವನೋ ದಂಡನಾಯಕನ ಪ್ರತಿಮೆ. ಕಲ್ಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಬರುವಂತೆ ಸಿಮೆಂಟಿನಲ್ಲಿ ಹೂತು ನಿಲ್ಲಿಸಿದ್ದರು. ವಾಯುವಿಹಾರಕ್ಕೆ ಬಂದವರೊಬ್ಬರು ಒಂದು ಕಲ್ಲಿನ ಮುಂದೆ ನಿಂತು, "ಮಾರಿ ಮ್ಯಾಲ ಎಂಥಾ ಶಾಂತಿ ಐತಿ ನೋಡು" ಎಂದು ಹೆಂಡತಿಗೆ ತೋರಿಸಿದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಗುರುಗಳು ಕೋಲನ್ನು ನೆಲಕ್ಕೆ ಕುಟ್ಟಿ, ಮುಖ ತಿರುಗಿಸಿ, ಸರಸರನೆ ಮೇಲೆ ನಡೆದುಬಿಟ್ಟಿದ್ದರು.

ಈಗ ಮಂಟಪದ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದರು.

"ಕೂಡು," ಎಂದರು. "ಈ ಊರಿನ ಕತಿ ಅಲ್ಲ ಇದು. ಯಾವ ಊರಿಂದು ಅಂತ ಕೇಳಬ್ಯಾಡ. ನಡುವ ಬಾಯಿ ಹಾಕಬ್ಯಾಡ."

ಕತೆ ಹೇಳಲು ಕುಳಿತರೆ ಗುರುಗಳ ಮಾತು ಪುಸ್ತಕದ ಮಾತಾಗುತ್ತಿತ್ತು. ಸಿಟ್ಟು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಒಂದು ಪಟ್ಟಣ. ಅದರ ಮಗ್ಗುಲಿಗೆ ಒಂದು ಸಣ್ಣ ಗುಡ್ಡ. ಗುಡ್ಡದ ಬುಡದಲ್ಲಿ ಬಿದಿರು ಬೆಳೆದಿತ್ತು. ಬುಟ್ಟಿ ಹೆಣೆಯುವವರ ಮನೆಯ ಹುಡುಗಿಯೊಬ್ಬಳು ಬಿದಿರು ಕಡಿಯಲು ಹೋದಳು. ಪಟ್ಟಣದ ಒಡೆಯನ ಮಗ ಆ ದಾರಿಯಲ್ಲಿ ಕುದುರೆಯ ಮೇಲೆ ಬಂದ. ಅವಳನ್ನು ನೋಡಿ ಕುದುರೆ ಇಳಿದ. ಇಳಿದವನು ಅವಳ ಸೆರಗಿಗೆ ಕೈ ಹಾಕಿದ. ಹುಡುಗಿ ಹುಯಿಲಿಟ್ಟಳು.

ಹಾಡುಹಗಲು ಅದು. ಹುಯಿಲು ಇಡೀ ಪಟ್ಟಣಕ್ಕೆ ಕೇಳಿಸಿತು. ಅಂಗಡಿಯವನು ತಕ್ಕಡಿಯ ಮುಳ್ಳನ್ನು ಇನ್ನಷ್ಟು ಗಮನವಿಟ್ಟು ನೋಡತೊಡಗಿದ. ಗುಡಿಯಲ್ಲಿ ಪುರಾಣ ಓದುತ್ತಿದ್ದವನು ದನಿ ಏರಿಸಿದ. ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಆ ಕಡೆಗೆ ಹೋದ ಕುದುರೆ ಯಾರದೆಂದು ಎಲ್ಲರೂ ನೋಡಿದ್ದರು. ಅದನ್ನು ನೋಡಿದ್ದರಿಂದಲೇ ಹುಯಿಲು ಯಾರಿಗೂ ಕೇಳಿಸಲಿಲ್ಲ. ತಿಳಿಯಿತೇ ಮಹಾಂತಯ್ಯ?

ಒಬ್ಬ ಗಾಣಿಗ ಮಾತ್ರ ಓಡಿದ. ಅವನೇನು ಗಟ್ಟಿಮುಟ್ಟಾದ ಆಳಲ್ಲ, ಜಗಳಗಂಟನೂ ಅಲ್ಲ. ಗಾಣಕ್ಕೆ ಕಟ್ಟಿದ ಎತ್ತನ್ನು ಬಿಚ್ಚುವುದಕ್ಕೂ ನಿಲ್ಲಲಿಲ್ಲ. ಕೈಗೆ ಸಿಕ್ಕ ಒಂದು ಗೂಟವನ್ನು ಹಿಡಿದು ಓಡಿದ. ಗೂಟಕ್ಕೂ ಕತ್ತಿಗೂ ಎಷ್ಟು ಹೊತ್ತಿನ ಹೊಡೆದಾಟ? ಆದರೆ ಅಷ್ಟು ಹೊತ್ತು ಸಾಕಾಯಿತು. ಹುಡುಗಿ ಬಿಡಿಸಿಕೊಂಡು ಬಿದಿರ ಮೆಳೆಯೊಳಗೆ ನುಸುಳಿದಳು. ಅಲ್ಲಿಂದಲೇ ನೋಡಿದಳು. ಗಾಣಿಗ ಅವಳ ಕಣ್ಣೆದುರಿಗೇ ಸತ್ತ. ಮನೆಯಲ್ಲಿ ಅವನಿಗೆ ತೊಟ್ಟಿಲ ಕೂಸೊಂದಿತ್ತು.

ಹೆಂಗಸಿನ ಹುಯಿಲಿಗೆ ಓಡಿಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುವುದು ಈ ನೆಲದ ಪದ್ಧತಿ. ಅಂಥ ಸಾವಿಗೆ ಹಳೆಗನ್ನಡದಲ್ಲಿ ಒಂದು ಹೆಸರೇ ಇದೆ, ಪೆಣ್ಬುಯ್ಯಲ್. ಹೆಣ್ಣಿನ ಹುಯಿಲು ಎಂದು ಅರ್ಥ. ನಮ್ಮ ಹಿರಿಯರಿಗೆ ಆ ಹುಯಿಲಿಗೊಂದು ಹೆಸರು ಬೇಕಾಗುವಷ್ಟು ಸಲ ಅದು ಕೇಳಿಸಿತ್ತು ಎಂದಾಯಿತಲ್ಲ. ಇರಲಿ. ಆ ಪದ್ಧತಿಯನ್ನು ತಡೆಯುವ ಧೈರ್ಯ ಒಡೆಯನಿಗೂ ಇರಲಿಲ್ಲ. ಗಾಣಿಗರ ಕೇರಿಯವರು ಕಲ್ಲುಕುಟಿಗನನ್ನು ಕರೆಸಿದರು.

ವೀರಗಲ್ಲಿನಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆಗಳಿರುತ್ತವೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಅವನು ಹೇಗೆ ಸತ್ತ, ಯಾರ ಕೈಯಲ್ಲಿ ಸತ್ತ ಎಂಬುದಿರುತ್ತದೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ.

ಕಲ್ಲುಕುಟಿಗ ಆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದ. ಅವಳು ಹೇಳಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಅವನು ಕಡೆದ. ಎರಡೂ ಕೈ ಎತ್ತಿದ ಹುಡುಗಿ. ಗೂಟ ಹಿಡಿದ ಗಾಣಿಗ. ಅವನೆದುರು ಕತ್ತಿ ಎತ್ತಿದವನು. ಒಡೆಯನ ಮಗನಿಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಒಂದು ಕಿವಿಯ ತುದಿ ಹೋಗಿತ್ತು. ಕಲ್ಲಿನಲ್ಲಿ ಕತ್ತಿ ಎತ್ತಿದವನಿಗೂ ಒಂದು ಕಿವಿ ಮೊಟಕು. ಆ ಕಲ್ಲನ್ನು ಕೇರಿಯ ಬಾಯಲ್ಲೇ ನಿಲ್ಲಿಸಿದರು. ಹೋಗುವವರು ಬರುವವರು ಎಲ್ಲರೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಒಡೆಯನ ಮಗ ಅಂದಿನಿಂದ ಪೇಟವನ್ನು ಕಿವಿ ಮುಚ್ಚುವಂತೆ ಸುತ್ತತೊಡಗಿದ. ಅದನ್ನು ನೋಡಿ ಊರಿನ ಗಂಡಸರೆಲ್ಲ ತಾವೂ ಹಾಗೆಯೇ ಸುತ್ತಿಕೊಂಡರು. ಅದೇ ದೊಡ್ಡಸ್ತಿಕೆ ಎಂದುಕೊಂಡರು. ಥೂ!

ವರ್ಷಗಳು ಕಳೆದವು. ಹುಡುಗಿಗೆ ಮದುವೆಯಾಯಿತು, ಮಕ್ಕಳಾದರು. ಕೇರಿಯ ದಾರಿಯಲ್ಲಿ ಹೋಗುವಾಗಲೆಲ್ಲ ಅವಳು ಸೆರಗಿನ ತುದಿಯಿಂದ ಕಲ್ಲಿನ ಕೆಳಗಿನ ಪಟ್ಟಿಕೆಯ ಧೂಳು ಒರೆಸುತ್ತಿದ್ದಳು. ಮಕ್ಕಳು ಸಿಕ್ಕರೆ ಬೆರಳಿಟ್ಟು ತೋರಿಸುತ್ತಿದ್ದಳು. "ಇದು ನಾನು. ಇದು ನನ್ನ ಉಳಿಸಿದಾಂವ. ಇದು ಅವನ್ನ ಕೊಂದಾಂವ." ಇಷ್ಟೇ ಹೇಳುತ್ತಿದ್ದಳು. ಗಾಣಿಗನ ಮಗನೂ ಈ ಮಾತು ಕೇಳಿಕೊಂಡೇ ದೊಡ್ಡವನಾದ.

ಈ ನಡುವೆ ಹಳೆಯ ಒಡೆಯ ಸತ್ತ. ಮಗ ಒಡೆಯನಾದ. ಒಳ್ಳೆಯ ಒಡೆಯ ಎಂದೇ ಹೆಸರಾದ. ಕೆರೆ ಕಟ್ಟಿಸಿದ, ಛತ್ರ ಕಟ್ಟಿಸಿದ, ಗುಡಿಗೆ ಗಂಟೆ ಕೊಟ್ಟ. ಕೆರೆಯ ನೀರು ಚೆನ್ನಾಗಿಯೇ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಕೊಂದವನು ಕಟ್ಟಿಸಿದ ಕೆರೆಯಲ್ಲೂ ನೀರು ಸಿಹಿಯಾಗಿಯೇ ಇರುತ್ತದೆ. ಇದೇ ನೋಡು ನನ್ನ ಮೈಯುರಿಸುವುದು.

ಆಮೇಲೆ ಅವನಿಗೆ ಇನ್ನೊಂದು ಯೋಚನೆ ಹೊಳೆಯಿತು. ಗುಡ್ಡದ ಮೇಲೆ ತೋಟ ಮಾಡಿಸಿದ. ದಾರಿ ಮಾಡಿಸಿದ, ಕೂರಲು ಕಟ್ಟೆ ಹಾಕಿಸಿದ, ಹೂಗಿಡ ನೆಡಿಸಿದ. ಡಂಗುರ ಸಾರಿಸಿದ: ವೀರರ ಕಲ್ಲುಗಳು ಕೇರಿಯ ಕೆಸರಿನಲ್ಲಿ, ಹೊಲದ ಬದುವಿನಲ್ಲಿ ಅನಾಥವಾಗಿ ನಿಂತಿವೆ. ದನಗಳು ಮೈ ತಿಕ್ಕುತ್ತವೆ. ಇನ್ನು ಮೇಲೆ ಅವರೆಲ್ಲರ ಜಾಗ ಊರಿನ ನೆತ್ತಿಯ ಮೇಲೆ. ಜನ ಹಿರಿಹಿರಿ ಹಿಗ್ಗಿದರು. ತಾವೇ ಹಗ್ಗ ಹಿಡಿದು ಕಲ್ಲುಗಳನ್ನು ಎಳೆದುಕೊಂಡು ಹೋದರು. ಗಾಣಿಗನ ಕಲ್ಲಿನ ಹಗ್ಗವನ್ನು ಗಾಣಿಗನ ಮಗನೇ ಹಿಡಿದಿದ್ದ. ಏರಿನಲ್ಲಿ ಕಲ್ಲು ಒಮ್ಮೆ ಜಾರಿ ಬಿದ್ದು, ನಡುವಿನಲ್ಲಿ ಸಣ್ಣ ಬಿರುಕು ಬಿಟ್ಟಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಮೇಲೆ ಗುಣಿ ತೋಡಿ ಇಟ್ಟಿದ್ದರು. ಒಂದೊಂದು ಕಲ್ಲನ್ನೂ ಒಂದು ಪಟ್ಟಿಕೆಯ ಆಳಕ್ಕೆ ಇಳಿಸಿದರು. ಗಾಳಿಗೆ ಬೀಳಬಾರದು ಎಂದರು. ಸಾಲಿನಲ್ಲಿ ಒಂದೇ ಎತ್ತರ ಕಾಣಬೇಕು ಎಂದರು. ಸುಣ್ಣ ಅರೆದು ಗಚ್ಚು ಹಾಕಿ ಬಿಗಿದರು. ಒಬ್ಬನ ಕಿವಿ ಮುಚ್ಚುವುದಕ್ಕೆ ಅಷ್ಟೂ ವೀರರನ್ನು ಸೊಂಟದವರೆಗೆ ಹೂತರು, ಮಹಾಂತಯ್ಯ. ಅದನ್ನು ನೋಡಿ ಊರು ಚಪ್ಪಾಳೆ ತಟ್ಟಿತು.

ಸಂಜೆಯಾದರೆ ಜನ ಗುಡ್ಡಕ್ಕೆ ತಿರುಗಾಡಲು ಬರತೊಡಗಿದರು. ಅವರಿಗೆ ಕಾಣುತ್ತಿದ್ದದ್ದು ಬರೀ ಅಪ್ಸರೆಯರು, ಬರೀ ಕೈಲಾಸ. ಎಂಥಾ ಶಾಂತಿ ಅಂದರು. ಈ ವೀರರೆಲ್ಲ ಹೇಗೆ ಸತ್ತರು ಎಂದು ಮಕ್ಕಳು ಕೇಳಿದರೆ, ಒಳ್ಳೆಯವರು ಹೀಗೇ ಹೋಗುತ್ತಾರೆ ಅಂದರು. ವರ್ಷಕ್ಕೊಮ್ಮೆ ಅಲ್ಲಿ ವೀರರ ಪೂಜೆ ನಡೆಯುತ್ತಿತ್ತು. ಪೂಜೆಯಲ್ಲಿ ಮೊದಲ ವೀಳ್ಯ ಗಾಣಿಗನ ಮಗನಿಗೆ. ಒಡೆಯನೇ ಕೈಯಾರೆ ಕೊಡುತ್ತಿದ್ದ. ಇವನು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನನ್ನು ನಾನು ಬೈಯುವುದಿಲ್ಲ. ಕೇರಿಯಿಂದ ಬಂದವನಿಗೆ ಸಭೆಯಲ್ಲಿ ಮೊದಲ ವೀಳ್ಯ ಎಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು.

ಬುಟ್ಟಿ ಹೆಣೆಯುವವಳು ಗುಡ್ಡಕ್ಕೆ ಹೋಗುತ್ತಿರಲಿಲ್ಲ. ಅವಳಿಗೀಗ ಕೂದಲು ಬೆಳ್ಳಗಾಗಿತ್ತು. ಬಿದಿರಿನ ಆ ಮೆಳೆಯ ಹತ್ತಿರ ಕಾಲಿಡಲು ಅವಳಿಗೆ ಎಂದೂ ಮನಸ್ಸಾಗಿರಲಿಲ್ಲ. ಒಂದು ದಿನ ಅವಳ ಮೊಮ್ಮಗಳು ಗುಡ್ಡಕ್ಕೆ ಹೋಗಿ ಬಂದು, ಅಲ್ಲಿ ಕೇಳಿದ ಕತೆಯನ್ನು ಅವಳಿಗೇ ಹೇಳಿದಳು. ಗಾಣಿಗ ನಮ್ಮ ಒಡೆಯರ ಜೀವದ ಗೆಳೆಯನಂತೆ. ವೈರಿಗಳು ಒಡೆಯರ ಮೇಲೆ ಬಿದ್ದಾಗ ಅಡ್ಡ ಬಂದು ಪ್ರಾಣ ಕೊಟ್ಟನಂತೆ. ಅದಕ್ಕೇ ಒಡೆಯರು ದಿನಾ ಆ ಕಲ್ಲಿಗೆ ಹೂ ಏರಿಸುತ್ತಾರಂತೆ.

ಅವಳ ಕೈಯಲ್ಲಿದ್ದ ಬಿದಿರ ಸೀಳು ಅಂಗೈಗೆ ಹೊಕ್ಕಿತು. ಅವಳಿಗೆ ಅದು ತಿಳಿಯಲಿಲ್ಲ. ಇಷ್ಟು ವರ್ಷ ಅವಳು ಹೆದರಿದ್ದಳು, ಅತ್ತಿದ್ದಳು. ಸಿಟ್ಟು ಬಂದದ್ದು ಅಂದು. ತಾನು ಸತ್ತರೆ ನೋಡಿದವರು ಯಾರೂ ಉಳಿಯುವುದಿಲ್ಲ. ಆಮೇಲೆ ಈ ಸುಳ್ಳೇ ನಿಜ.

ಅವಳು ಮೊದಲು ಗಾಣಿಗನ ಮಗನ ಹತ್ತಿರ ಹೋದಳು. ಕಲ್ಲನ್ನು ಬಿಡಿಸಲು ನೀನೇ ಕೇಳಬೇಕು ಎಂದಳು. ಅವನು ತಲೆ ತಗ್ಗಿಸಿದ.

"ಚಿಗವ್ವಾ, ನಂಗೇನು ಗೊತ್ತಿಲ್ಲಂತ ತಿಳದೀಯೇನು? ಆದ್ರ ನಮ್ಮಪ್ಪ ಕೇರಿ ಬಾಯಾಗ ಬಿದ್ದಿದ್ದಾಂವ ಈಗ ಊರ ನೆತ್ತಿ ಮ್ಯಾಲ ಅದಾನ. ನೆಮ್ಮದಿಯಿಂದ ಅದಾನ. ಅದನ್ಯಾಕ ಕೆದರತಿ?"

"ನಿಮ್ಮಪ್ಪ ಬಿದ್ದಿರಲಿಲ್ಲೋ. ನಿಂತಿದ್ದ," ಎಂದಳು ಅವಳು. ಹೇಳಿ ಹೊರಟುಹೋದಳು.

ಮರುದಿನ ಸಂಜೆ ಅವಳು ಒಬ್ಬಳೇ ಗುಡ್ಡ ಹತ್ತಿದಳು. ಒಡೆಯ ಪರಿವಾರದೊಂದಿಗೆ ತಿರುಗಾಡುತ್ತಿದ್ದ. ಅವನಿಗೂ ವಯಸ್ಸಾಗಿತ್ತು. ಊರ ಜನ ಕಟ್ಟೆಗಳ ಮೇಲೆ ಕುಳಿತಿದ್ದರು. ಗಾಣಿಗನ ಮಗ ಸುದ್ದಿ ಕೇಳಿ ಅವಳ ಹಿಂದೆಯೇ ಓಡಿ ಬಂದಿದ್ದ. ಅವಳು ಕಲ್ಲಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಒಡೆಯಾ, ಈ ಕಲ್ಲು ಅರ್ಧ ಐತಿ. ಉಳಿದರ್ಧ ಮ್ಯಾಲ ತಗಸು."

ಒಡೆಯ ಸಿಟ್ಟಾಗಲಿಲ್ಲ. ಅಂಥವರು ಸಿಟ್ಟಾಗುವುದಿಲ್ಲ, ಅವರಿಗೆ ಸಿಟ್ಟಿನ ಅಗತ್ಯವೇ ಇರುವುದಿಲ್ಲ. ನಗುತ್ತಲೇ ಗಚ್ಚಿನ ಕೆಲಸದವನನ್ನು ಕರೆಸಿದ. ತೆಗೆಯಲು ಬರುತ್ತದೆಯೇ ಎಂದು ಕೇಳಿದ. ಕೆಲಸದವನು ಕಲ್ಲಿನ ಬಿರುಕಿನ ಮೇಲೆ ಕೈಯಾಡಿಸಿದ. ಗಚ್ಚು ಒಡೆಯಲು ಪೆಟ್ಟು ಹಾಕಿದರೆ ಕಲ್ಲು ನಡುವಿಗೆ ಮುರಿಯುತ್ತದೆ, ಮೇಲಿನದು ಉರುಳಿ ಪುಡಿಯಾಗುತ್ತದೆ ಎಂದ. ಒಡೆಯನಿಗೆ ಬೇಕಾಗಿದ್ದದ್ದೂ ಇದೇ ಮಾತು. ಜನರ ಕಡೆಗೆ ತಿರುಗಿದ.

"ಎಲ್ಲಾರೂ ಕೇಳ್ರಿ. ಈ ಅವ್ವ ಕೇಳ್ಯಾಳ. ಬ್ಯಾಡ ಅನ್ನಾಂವ ನಾನಲ್ಲ. ಕಲ್ಲು ಇರೂ ತನಕ ವೀರ ಸ್ವರ್ಗದಾಗ ಇರತಾನ ಅಂತಾರ ಹಿರ್‍ಯಾರು. ಅದು ಮುರದ್ರ ಅಂವಾ ಕೆಳಗ ಬೀಳತಾನ. ಆ ಪಾಪ ಹೊರಾಕ ತಯಾರ ಇದ್ರ, ಇಕಾ ಸುತ್ತಿಗಿ. ಯಾರೂ ತಡಿಬ್ಯಾಡ್ರಿ."

ಜನ ಲೊಚಗುಟ್ಟಿದರು. ಎಂಥ ದೊಡ್ಡ ಮನಸ್ಸು ಎಂದರು. ಅವಳು ಸುತ್ತಿಗೆಯನ್ನು ಕೈಗೆ ತೆಗೆದುಕೊಂಡಳು. ಗಾಣಿಗನ ಮಗ ಬಂದು ಅವಳ ಕಾಲು ಹಿಡಿದ. ಅವನಿಗೆ ವೀಳ್ಯದ ಆಸೆ ಇದ್ದದ್ದು ನಿಜ. ಆದರೆ ಆಗ ಹರಿದದ್ದು ನಿಜವಾದ ಕಣ್ಣೀರು. ತಂದೆಯ ಮುಖ ನೋಡದ ಮಗ ಅವನು. ಅವನು ತಂದೆಯೆಂದು ನೋಡಿದ್ದು ಆ ಕಲ್ಲಿನಲ್ಲಿ ಕೈಮುಗಿದು ಕುಳಿತವನನ್ನೇ.

"ಚಿಗವ್ವಾ, ನಮ್ಮಪ್ಪನ್ನ ಸ್ವರ್ಗದಿಂದ ಕೆಡವಬ್ಯಾಡ. ನಿನ್ನ ಸಲುವಾಗಿ ಒಮ್ಮಿ ಸತ್ತಾನ. ಎರಡನೇ ಸಲ ಸಾಯಿಸಬ್ಯಾಡ."

ಇಲ್ಲಿ ಗುರುಗಳು ಮಾತು ನಿಲ್ಲಿಸಿದರು. ಮಹಾಂತಯ್ಯನಿಗೆ ತಡೆಯಲಾಗಲಿಲ್ಲ.

"ಆಕಿ ಸುತ್ತಿಗಿ ಕೆಳಗಿಟ್ಟಳೇನ್ರಿ?"

"ನೀ ಆಗಿದ್ರ ಇಡತಿದ್ದಿ," ಎಂದರು ಗುರುಗಳು. "ಇಟ್ಟು, ಮಂದಿ ಕಡಿಂದ ಸೈ ಅನಸಿಕೊಂಡು ಬರತಿದ್ದಿ. ಬಾಯಿ ಮುಚ್ಚಿ ಕೇಳು."

ಅವನ ಮಾತು ಅವಳಿಗೆ ನಾಟದೆ ಇರಲಿಲ್ಲ. ಆ ಮಗುವಿನಿಂದ ತಂದೆಯನ್ನು ಕಿತ್ತುಕೊಂಡದ್ದು ತನ್ನ ಹುಯಿಲೇ ಎಂದು ಅವಳು ಎಷ್ಟು ಸಲ ಕೊರಗಿದ್ದಳೋ. ಹುಯಿಲಿಟ್ಟವಳು ಕೊರಗಿದಳು, ಕೊಂದವನು ಹೂ ಏರಿಸಿದ. ನೋಡು, ಪಾಪವನ್ನು ಹೇಗೆ ಹಂಚಿದ್ದರು! ಅವಳು ಬಗ್ಗಿ ಅವನ ಕೈಯನ್ನು ತನ್ನ ಕಾಲಿನಿಂದ ಮೆಲ್ಲಗೆ ಬಿಡಿಸಿದಳು. ಅವನಿಗೊಬ್ಬನಿಗೇ ಹೇಳುವಂತೆ ಹೇಳಿದಳು.

"ನಿಮ್ಮಪ್ಪ ಸ್ವರ್ಗಕ್ಕ ಹೋಗಿದ್ದು ಇಲ್ಲಿ ಯಾರೂ ನೋಡಿಲ್ಲಪ್ಪಾ. ಸತ್ತಿದ್ದು ನಾ ನೋಡೀನಿ."

ಸುತ್ತಿಗೆ ಎತ್ತಿದಳು. ಮೊದಲ ಪೆಟ್ಟಿಗೇ ಬಿರುಕು ಬಾಯಿ ಬಿಟ್ಟಿತು. ಇನ್ನೆರಡು ಪೆಟ್ಟಿಗೆ ಕೈಲಾಸವೂ ಅಪ್ಸರೆಯರೂ ಒಟ್ಟಿಗೆ ಉರುಳಿ ದಾರಿಯ ಮೇಲೆ ಬಿದ್ದು ಚೂರಾದರು. ಜನ ಹೋ ಎಂದರು. ಕೆಲವರು ಕಣ್ಣು ಮುಚ್ಚಿಕೊಂಡರು. ಒಡೆಯನ ಆಳುಗಳು ಮುಂದೆ ಬಂದರು. ಆದರೆ ಯಾರೂ ತಡೆಯಬೇಡಿ ಎಂದು ಒಡೆಯನೇ ಹೇಳಿಯಾಗಿತ್ತು. ತುಂಬಿದ ಸಭೆಯಲ್ಲಿ ಆಡಿದ ಮಾತು. ಅವರು ಅವನ ಮುಖ ನೋಡುತ್ತ ನಿಂತರು. ಅವಳು ಕುಕ್ಕರಗಾಲಿನಲ್ಲಿ ಕುಳಿತು ಗಚ್ಚನ್ನು ಒಡೆಯುತ್ತಲೇ ಹೋದಳು. ಅಂಗೈಯ ಗಾಯದಿಂದ ರಕ್ತ ಸುರಿಯಿತು. ಆಮೇಲೆ ಗಚ್ಚಿನ ಒಂದು ದೊಡ್ಡ ಚಕ್ಕೆ ಕಳಚಿ ಬಂತು. ಅವಳು ಸೆರಗಿನಿಂದ ಪಟ್ಟಿಕೆಯನ್ನು ಒರೆಸಿ ಪಕ್ಕಕ್ಕೆ ಸರಿದಳು.

ಕೈ ಎತ್ತಿದ ಹುಡುಗಿ. ಗೂಟ ಹಿಡಿದ ಗಾಣಿಗ. ಕತ್ತಿ ಎತ್ತಿದವನು, ಅವನ ಮೊಟಕು ಕಿವಿ. ಎಲ್ಲರೂ ನೋಡಿದರು. ನೋಡಿ ಎಲ್ಲರೂ ನೆಲ ನೋಡಿದರು. ಒಡೆಯನ ಮುಖವನ್ನು ಯಾರೂ ನೋಡಲಿಲ್ಲ.

ಮಗ ಮಾತ್ರ ಪಟ್ಟಿಕೆಯ ಮುಂದೆ ಮಂಡಿಯೂರಿ ಕುಳಿತ. ಕಲ್ಲು ಕೇರಿಯಲ್ಲಿದ್ದಾಗ ಅವಳ ಮಾತು ಕೇಳಿದ್ದನೇ ಹೊರತು ಅದನ್ನು ಸರಿಯಾಗಿ ನೋಡಿರಲಿಲ್ಲ. ಗುಡ್ಡಕ್ಕೆ ಬಂದ ಮೇಲೆ ನೋಡುವಂತಿರಲಿಲ್ಲ. ಅಲ್ಲಿ ಅವನ ತಂದೆ ಕೈಮುಗಿದಿರಲಿಲ್ಲ. ಬಾಯಿ ತೆರೆದು, ಕಾಲು ಊರಿ, ತನಗಿಂತ ದೊಡ್ಡವನ ಮೇಲೆ ಗೂಟ ಬೀಸುತ್ತಿದ್ದ. ಮಗ ಆ ಮುಖದ ಮೇಲೆ ಬೆರಳಿಟ್ಟು ಕತ್ತಲಾಗುವವರೆಗೂ ಕುಳಿತಿದ್ದ.

ಆಮೇಲೆ ಧರ್ಮ ಗೆದ್ದಿತು ಎಂದು ನಾನು ಹೇಳುವುದಿಲ್ಲ. ಒಡೆಯನನ್ನು ಯಾರೂ ಮುಟ್ಟಲಿಲ್ಲ. ಅವನು ಹಾಸಿಗೆಯ ಮೇಲೆ ಸುಖವಾಗಿ ಸತ್ತ, ಅವನಿಗೂ ಗುಡ್ಡದ ಮೇಲೆ ಮಂಟಪ ಕಟ್ಟಿದರು. ಬುಟ್ಟಿ ಹೆಣೆಯುವವಳನ್ನು ಮಾತ್ರ, ವೀರಗಲ್ಲು ಒಡೆದ ಪಾಪಿ ಎಂದು ಊರು ಬಿಡಿಸಿದರು. ಹುಯಿಲು ಕೇಳಿ ಬಾಗಿಲು ಮುಚ್ಚಿಕೊಂಡವರೇ ಪಂಚಾಯಿತಿಗೆ ಕುಳಿತು ತೀರ್ಪು ಕೊಟ್ಟರು. ಅವಳು ಹಿಂದೆ ತಿರುಗಿ ನೋಡದೆ ಹೋದಳು. ಅವಳ ಗಂಟನ್ನು ಹೊತ್ತು ಗಡಿಯವರೆಗೆ ಹೋಗಿ ಕಳುಹಿಸಿ ಬಂದವನು ಗಾಣಿಗನ ಮಗ. ಮರುವರ್ಷದ ಪೂಜೆಯಲ್ಲಿ ಮೊದಲ ವೀಳ್ಯಕ್ಕೆ ಅವನ ಹೆಸರು ಕೂಗಿದರು. ಅವನು ಕುಳಿತಲ್ಲಿಂದ ಏಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಮಹಾಂತಯ್ಯನಿಗೆ ಏನೋ ಒಂದು ಕಷ್ಟವಾಗುತ್ತಿತ್ತು.

"ಆಕಿ ಮಾಡಿದ್ದು ಖರೇನ ಐತ್ರಿ, ಅಜ್ಜಾರ. ಆದ್ರೂ ಆ ಸ್ವರ್ಗದ ಭಾಗ ಹಾಳಾತಲ್ರಿ, ಅಷ್ಟು ಚಂದ ಕಡದಿದ್ದು."

ಗುರುಗಳು ಕೋಲು ಊರಿ ಎದ್ದು ನಿಂತರು.

"ಸ್ವರ್ಗ ಎಲ್ಲಾ ಕಲ್ಲಿನ್ಯಾಗೂ ಒಂದ ನಮೂನಿ ಇರತೈತೋ ಮಹಾಂತಯ್ಯಾ, ಕೊಂದಾವನ ಮಾರಿ ಅಷ್ಟ ಬ್ಯಾರೆ ಬ್ಯಾರೆ."